ಉಸಿರು ಬಿಡಿ ಸಾಹೇಬರೇ

ಈ ಬರಹವನ್ನು ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದ್ದೇನೆ. ನಾಲ್ಕನೇ ಸಲ ಹೆಂಡತಿಗೆ ಓದಲು ಕೊಟ್ಟೆ. ಅವಳು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, ಒಂದು ಸಾಲು ಮಾತ್ರ ತೆಗೆಸಿ, "ಹಾಕಿ, ಯಾರಿಗಾದ್ರೂ ಉಪಯೋಗ ಆಗ್ಬಹುದು" ಅಂದಳು. ಹಾಗಾಗಿ ಹಾಕುತ್ತಿದ್ದೇನೆ. ವಿಷಯ ದೊಡ್ಡವರದು. ಮಕ್ಕಳು ಪಕ್ಕದಲ್ಲಿದ್ದರೆ ಆಮೇಲೆ ಓದಿ.

ವಿಷಯ ಏನೆಂದರೆ, ಗುದ. ಹೌದು, ಅದೇ.

ನೋಡಿ, ಬರೆಯುವಾಗಲೇ ತೊಡಕು. ನಮ್ಮ ಭಾಷೆಯಲ್ಲಿ ಆ ಜಾಗಕ್ಕೆ ಶಬ್ದಗಳಿಗೇನೂ ಬರವಿಲ್ಲ. ಆದರೆ ಒಂದು ಬೈಯಲಿಕ್ಕೆ, ಒಂದು ಆಯುರ್ವೇದದ ಪುಸ್ತಕಕ್ಕೆ, ಇನ್ನೊಂದು ಡಾಕ್ಟರ ಚೀಟಿಗೆ. ಗಂಡ ಹೆಂಡತಿ ರಾತ್ರಿ ದೀಪ ಆರಿಸಿ ಮೆಲ್ಲಗೆ ಮಾತಾಡಿಕೊಳ್ಳಲು ಒಂದು ಸಭ್ಯ ಶಬ್ದ ನನಗಂತೂ ಸಿಕ್ಕಿಲ್ಲ. ಶಬ್ದ ಇಲ್ಲದಲ್ಲಿ ಮಾತಿಲ್ಲ, ಮಾತಿಲ್ಲದಲ್ಲಿ ಏನಾಗುತ್ತದೆ ಎನ್ನುವುದೇ ಈ ಕಥೆ.

ಎರಡು ವರ್ಷದ ಹಿಂದೆ ನನಗೆ ಫಿಷರ್ ಆಯಿತು. ಮೂವತ್ತು ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತವನಿಗೆ, ಲೋಕಲ್ ಟ್ರೈನ್ ತಪ್ಪುತ್ತದೆಂದು ಬೆಳಗಿನ ಕರೆಯನ್ನು ಮುಂದೂಡುತ್ತಾ ಬಂದವನಿಗೆ, ನೀರು ಕಡಿಮೆ ಕುಡಿದು ಚಹಾ ಹೆಚ್ಚು ಕುಡಿದವನಿಗೆ ಬರಬೇಕಾದದ್ದೇ ಬಂತು. ಗುದದ್ವಾರದ ಚರ್ಮದಲ್ಲಿ ಸಣ್ಣ ಬಿರುಕು, ಅಷ್ಟೇ. ಆದರೆ ನೋವು! ಗಾಜಿನ ಚೂರಿನ ಮೇಲೆ ಕೂತ ಹಾಗೆ. ಇಯರ್ ಎಂಡ್ ಕ್ಲೋಸಿಂಗ್ ಹೊತ್ತಿಗೆ ನಿಂತೇ ಕೆಲಸ ಮಾಡುತ್ತಿದ್ದೆ. "ಬೆನ್ನುನೋವು" ಅಂತ ಎಲ್ಲರಿಗೂ ಸುಳ್ಳು ಹೇಳಿದೆ.

ಕೊನೆಗೆ ತಡೆಯಲಾರದೆ ಒಬ್ಬ ಸರ್ಜನ್ ಹತ್ತಿರ ಹೋದೆ. ಮರಾಠಿ ಮನುಷ್ಯ, ನನ್ನದೇ ವಯಸ್ಸು. ಪರೀಕ್ಷೆಯ ಮೇಜಿನ ಮೇಲೆ ಎಡ ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ಎಳೆದುಕೊಳ್ಳಲು ಹೇಳಿ, ಮೊದಲು ಅವರು ಮಾಡಿದ್ದೇನು ಗೊತ್ತೇ? ಕೇಳಿದರು. "ಈಗ ಹೊರಗಿನಿಂದ ನೋಡ್ತೇನೆ, ಆಗಬಹುದಾ?" "ಈಗ ಬೆರಳಿನ ತುದಿ ಇಡ್ತೇನೆ, ಬರೀ ಇಡ್ತೇನೆ. ನೋವಾದ್ರೆ ಹೇಳಿ, ಅಲ್ಲೇ ನಿಲ್ಲಿಸ್ತೇನೆ." ನಾನು ಹಲ್ಲು ಕಚ್ಚಿ ಬಿಗಿಯಾಗಿದ್ದೆ. "ಶ್ವಾಸ ಸೋಡಾ, ಸಾಹೇಬ್" ಅಂದರು. ಉಸಿರು ಬಿಡಿ ಸಾಹೇಬರೇ. ಅವಸರ ಇಲ್ಲ. ನಾನು ಹೂಂ ಅಂದ ಮೇಲಷ್ಟೇ ಮುಂದಿನ ಹೆಜ್ಜೆ. ನೋವು ಜಾಸ್ತಿಯಾದಾಗ "ಡಾಕ್ಟ್ರೇ" ಅಂದೆ. ನಿಜಕ್ಕೂ ತಕ್ಷಣ ನಿಲ್ಲಿಸಿದರು. ಒಳಗಿನ ಪರೀಕ್ಷೆ ನೋವು ಇಳಿದ ಮೇಲೆ ಆಗಲಿ ಎಂದು ಕೈಗವಸು ತೆಗೆದುಬಿಟ್ಟರು.

ಆ ಮೇಜಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ನನಗೆ ಒಂದು ಹಳೆಯ ರಾತ್ರಿ ನೆನಪಾಯಿತು.

1997. ಮದುವೆಯಾಗಿ ವರ್ಷ ಆಗಿರಲಿಲ್ಲ. ಡೊಂಬಿವಿಲಿಯ ಚಾಳಿನಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಊರಿಂದ ಅಮ್ಮ ಬಂದಾಗ ಅವರು ಅಡಿಗೆಮನೆಯಲ್ಲಿ ಮಲಗುತ್ತಿದ್ದರು. ಒಬ್ಬ ಗೆಳೆಯನ ಮನೆಯಲ್ಲಿ ಬಾಡಿಗೆ ವಿಸಿಪಿ ತಂದು ನಾಲ್ಕೈದು ಜನ ಗಂಡಸರು ಕದ್ದು ಒಂದು ಕ್ಯಾಸೆಟ್ ನೋಡಿದ್ದೆವು. ಅದರಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಯಾರಿಗೂ ನೋವಾಗುತ್ತಿರಲಿಲ್ಲ. ಆ ರಾತ್ರಿ ಮನೆಗೆ ಬಂದು ನಾನು ಹೆಂಡತಿಯನ್ನು ಕೇಳದೆ, ಹೇಳದೆ, ಕತ್ತಲೆಯಲ್ಲಿ ಅದನ್ನೇ ಮಾಡಲು ಹೋದೆ. ಅವಳು ಕೂಗಲಿಲ್ಲ, ಬಾಗಿಲ ಆಚೆ ಅಮ್ಮ ಇದ್ದರಲ್ಲ. ನನ್ನ ಕೈಯನ್ನು ತಳ್ಳಿದಳು. ನಾನು ತಡವಾಗಿ ನಿಲ್ಲಿಸಿದೆ. ತಡವಾಗಿ ಅನ್ನುವುದನ್ನು ನಾನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮರುದಿನ ಏನೂ ಆಗದವನ ಹಾಗೆ ಡಬ್ಬಿ ತೆಗೆದುಕೊಂಡು 7.52ರ ಫಾಸ್ಟ್ ಹಿಡಿದೆ. ಆಮೇಲೆ ಆ ವಿಷಯ ನಾವಿಬ್ಬರೂ ಎತ್ತಲಿಲ್ಲ. ಮಕ್ಕಳಾದವು, ಫ್ಲ್ಯಾಟ್ ಆಯಿತು, ಪ್ರಮೋಷನ್ ಆಯಿತು. ಮುಗಿದ ಕಥೆ ಅಂದುಕೊಂಡಿದ್ದೆ.

ಡಾಕ್ಟರ ಮೇಜಿನಿಂದ ಬಂದ ರಾತ್ರಿ ಬಿಸಿನೀರಿನ ಟಬ್ಬಿನಲ್ಲಿ ಕೂತುಕೊಂಡೇ (ದಿನಕ್ಕೆ ಮೂರು ಸಲ, ಹತ್ತು ಹದಿನೈದು ನಿಮಿಷ, ಇದೇ ಮುಖ್ಯ ಚಿಕಿತ್ಸೆ) ಹೆಂಡತಿಯನ್ನು ಕರೆದೆ. "ಆವತ್ತು ಚಾಳಿನಲ್ಲಿ ಆದದ್ದಕ್ಕೆ ಕ್ಷಮಿಸು" ಅಂದೆ. ಯಾವ ಆವತ್ತು ಎಂದು ಅವಳು ಕೇಳಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. ಆ ನಂತರ ಮೂರು ವಾರ ಅವಳಿಗೂ ಇದೇ ನೋವಿತ್ತಂತೆ. ಚಾಳಿನ ಸಾಮಾನ್ಯ ಪಾಯಿಖಾನೆ, ಹೊರಗೆ ಬಕೆಟ್ ಹಿಡಿದ ಕ್ಯೂ, ಒಳಗೆ ಇವಳು ಬಾಯಿಗೆ ಸೆರಗು ತುರುಕಿಕೊಂಡು. ಅತ್ತೆಗೆ "ಹೊಟ್ಟೆ ಉಷ್ಣ" ಎಂದು ಹೇಳಿ ಮೆಂತೆ ನೆನೆಸಿ ಕುಡಿದಳಂತೆ. "ನಾನು ಒಂದು ತಿಂಗಳು ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ನಿಮಗೆ ಗೊತ್ತಾಗ್ಲಿಲ್ವಾ?"

ನನಗೆ ಗೊತ್ತಾಗಿರಲಿಲ್ಲ. ಓದುಗರೇ, ಸಾಲದ ಅರ್ಜಿಯಲ್ಲಿ ಒಂದು ಸೊನ್ನೆ ಹೆಚ್ಚು ಕಡಿಮೆಯಾದರೆ ನನ್ನ ಕಣ್ಣಿಗೆ ಬೀಳುತ್ತದೆ. ಇದು ಬಿದ್ದಿರಲಿಲ್ಲ.

ಎರಡನೇ ಸಲ ಡಾಕ್ಟರ ಹತ್ತಿರ ಹೋದಾಗ ಅವರು ಬಹಳ ಸಹಜವಾಗಿ ಕೇಳಿದರು, "ಆ ಮಾರ್ಗದಲ್ಲಿ ಸೆಕ್ಸ್ ಅಭ್ಯಾಸ ಇದೆಯಾ? ಎಲ್ಲರಿಗೂ ಕೇಳ್ತೇನೆ, ಬೇಜಾರು ಮಾಡ್ಕೋಬೇಡಿ." ನಾನು ಇಲ್ಲ ಎಂದೆ. ಆಮೇಲೆ ಏನು ಧೈರ್ಯವೋ, "ಒಮ್ಮೆ ತಪ್ಪು ಮಾಡಿದ್ದೆ" ಎಂದು ಹೇಳಿಬಿಟ್ಟೆ. ಅವರು ಉಪದೇಶ ಮಾಡಲಿಲ್ಲ. ಪ್ರಿಸ್ಕ್ರಿಪ್ಷನ್ ಪ್ಯಾಡ್ ತಿರುಗಿಸಿ ಹಿಂದೆ ಒಂದು ಚಿತ್ರ ಬರೆದರು. ಬಿಕಾಂ ಓದಿದ ನನಗೆ ಐವತ್ತು ದಾಟಿದ ಮೇಲೆ ಸಿಕ್ಕ ಮೊದಲ ಶರೀರಶಾಸ್ತ್ರದ ಪಾಠ ಅದು. ನಮ್ಮ ಕಾಲದಲ್ಲಿ ಮದುಮಗಳಿಗಾದರೂ ಡಾ. ಅನುಪಮಾ ನಿರಂಜನರ 'ವಧುವಿಗೆ ಕಿವಿಮಾತು' ಪುಸ್ತಕ ಇತ್ತು. ವರನ ಕಿವಿಗೆ ಯಾರೂ ಏನೂ ಹೇಳಲಿಲ್ಲ, ಕ್ಯಾಸೆಟ್ ಒಂದನ್ನು ಬಿಟ್ಟರೆ.

ಆ ಪಾಠವನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆಯುತ್ತೇನೆ.

ಗುದನಾಳ ಎನ್ನುವುದು ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಸಣ್ಣ ದಾರಿ. ಅದಕ್ಕೆ ಎರಡು ಸ್ನಾಯುವಿನ ಬಳೆಗಳ ಕಾವಲು. ಹೊರಗಿನ ಬಳೆ ನಮ್ಮ ಮಾತು ಕೇಳುತ್ತದೆ, ಬಿಗಿ ಹಿಡಿ ಅಂದರೆ ಹಿಡಿಯುತ್ತದೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಅದು ತನ್ನಷ್ಟಕ್ಕೆ ಕೆಲಸ ಮಾಡುವ ನರಗಳ ಆಳು. ಹೆದರಿದರೆ, ಅವಸರ ಮಾಡಿದರೆ, ನೋವಾದರೆ ಅದು ಇನ್ನಷ್ಟು ಬಿಗಿಯುತ್ತದೆ. ಒತ್ತಾಯಕ್ಕೆ ಅದು ಬಗ್ಗುವುದಿಲ್ಲ, ಹರಿಯುತ್ತದೆ. ನಿಧಾನಕ್ಕೆ, ನಂಬಿಕೆಗೆ, ದೀರ್ಘ ಉಸಿರಿಗೆ ಮಾತ್ರ ಸಡಿಲಾಗುತ್ತದೆ.

ಎರಡನೇ ಸಂಗತಿ, ಆ ಜಾಗದಲ್ಲಿ ಸ್ಪರ್ಶದ ನರಗಳು ದಟ್ಟವಾಗಿವೆ. ನೋವು ಅಷ್ಟು ಆಗುವುದೂ ಅದಕ್ಕೇ, ಕೆಲವರಿಗೆ ಸುಖ ಅನಿಸುವುದೂ ಅದಕ್ಕೇ. ಗಂಡಸರಲ್ಲಿ ಮಲಾಶಯದ ಮುಂಭಾಗಕ್ಕೆ ಅಂಟಿಕೊಂಡೇ ಪ್ರಾಸ್ಟೇಟ್ ಗ್ರಂಥಿ ಇದೆ. ಅದರ ಮೇಲಿನ ಮೃದುವಾದ ಒತ್ತಡ ಹಲವರಿಗೆ ಹಿತ. ಇದರಿಂದ ಯಾರೂ ಸಲಿಂಗಿ ಆಗುವುದಿಲ್ಲ. ಸಲಿಂಗಿಗಳಾಗಿರುವುದು ತಪ್ಪೂ ಅಲ್ಲ. ಹಾಗೆಯೇ, ಇದರಲ್ಲಿ ಏನೂ ಸುಖ ಕಾಣದವರೂ ಬಹಳ ಜನ. ಅವರಲ್ಲೂ ಏನೂ ಕೊರತೆ ಇಲ್ಲ.

ಮೂರನೆಯದು, ಗುದಕ್ಕೆ ಯೋನಿಯ ಹಾಗೆ ತನ್ನದೇ ಜಾರು ದ್ರವ ಇಲ್ಲ. ಹೊರಗಿನಿಂದ ಹಾಕಲೇಬೇಕು, ಧಾರಾಳವಾಗಿ ಹಾಕಬೇಕು, ಒಣಗಿದರೆ ಮತ್ತೆ ಹಾಕಬೇಕು. ಎಂಜಲು ಸಾಲದು. ನಾವು ಕರಾವಳಿಯವರು, ತಲೆಗೆ, ಅಡಿಗೆಗೆ, ಗಾಯಕ್ಕೆ ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಆದರೆ ಕಾಂಡೋಮ್ ಜೊತೆ ಅದು ಕೂಡದು. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಲೋಷನ್, ಯಾವುದೇ ಎಣ್ಣೆಯ ಜಿಡ್ಡು ಲ್ಯಾಟೆಕ್ಸನ್ನು ಬೇಗ ದುರ್ಬಲ ಮಾಡಿ ಹರಿಯುವಂತೆ ಮಾಡುತ್ತದೆ. ನೀರಿನ ಆಧಾರದ ಅಥವಾ ಸಿಲಿಕೋನ್ ಆಧಾರದ ಲೂಬ್ರಿಕೆಂಟ್ ಮೆಡಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಮರಗಟ್ಟಿಸುವ ಕ್ರೀಮು, ಸ್ಪ್ರೇ ಬೇಡವೇ ಬೇಡ. ನೋವು ಅನ್ನುವುದು ಅಲಾರಂ ಇದ್ದ ಹಾಗೆ. ಬ್ಯಾಂಕಿನ ಅಲಾರಂ ಬಂದ್ ಮಾಡಿ ಸ್ಟ್ರಾಂಗ್ ರೂಮ್ ತೆರೆಯುವವರು ಯಾರಾದರೂ ಇದ್ದಾರೆಯೇ? ಒಳಗೆ ಹೋದಂತೆ ನೋವು ತಿಳಿಯುವುದೂ ಕಡಿಮೆ, ಪೆಟ್ಟಾದದ್ದು ಗೊತ್ತೇ ಆಗದಿರಬಹುದು. ಕುಡಿದ ಮತ್ತಿನಲ್ಲಿ ಬೇಡ ಅನ್ನುವುದೂ ಇದೇ ಕಾರಣಕ್ಕೆ.

ನಾಲ್ಕನೆಯದು ಸೋಂಕು. ಮಲಾಶಯದ ಒಳಪದರ ತೀರಾ ತೆಳು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಅಂದಾಜು ಓದಿದಾಗ ಬ್ಯಾಂಕಿನವನಾದ ನನಗೆ ಲೆಕ್ಕ ಮನಸ್ಸಿನಲ್ಲಿ ನಿಂತುಬಿಟ್ಟಿತು. ಎಚ್‌ಐವಿ ಇರುವ, ಚಿಕಿತ್ಸೆಯಲ್ಲಿಲ್ಲದ ಸಂಗಾತಿಯ ಜೊತೆ ಕಾಂಡೋಮ್ ಇಲ್ಲದೆ ಯೋನಿ ಸಂಭೋಗವಾದರೆ ಹೆಣ್ಣಿಗೆ ಸೋಂಕು ತಗಲುವ ಸಂಭವ 10 ಸಾವಿರಕ್ಕೆ ಸುಮಾರು 8. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಅದೇ 138. ಹಾಗಾಗಿ ಕಾಂಡೋಮ್ ಇಲ್ಲಿ ಹೆಚ್ಚು ಅಗತ್ಯ. ಹಿಂದಿನಿಂದ ಮುಂದಕ್ಕೆ ಹೋಗುವುದಾದರೆ ಕಾಂಡೋಮ್ ಬದಲಿಸಲೇಬೇಕು, ಕೈ ತೊಳೆಯಲೇಬೇಕು. ಇಲ್ಲದಿದ್ದರೆ ಕರುಳಿನ ಬ್ಯಾಕ್ಟೀರಿಯಾ ಹೆಣ್ಣಿನ ಯೋನಿಗೆ, ಮೂತ್ರಮಾರ್ಗಕ್ಕೆ ಸೇರಿ ಉರಿ, ಸೋಂಕು. ಅಪಾಯಕ್ಕೆ ಒಳಗಾದೆ ಎಂದು ಅನುಮಾನ ಬಂದರೆ 72 ಗಂಟೆಯೊಳಗೆ ಶುರು ಮಾಡಬೇಕಾದ ತಡೆ ಔಷಧಿ ಇದೆ. ಎಷ್ಟು ಬೇಗ ಡಾಕ್ಟರ ಹತ್ತಿರ ಹೋದರೆ ಅಷ್ಟು ಒಳ್ಳೆಯದು. ನ್ಯಾಕೋ ಸಂಸ್ಥೆಯ 1097 ಸಹಾಯವಾಣಿಗೆ ಫೋನ್ ಮಾಡಿ ಹೆಸರು ಹೇಳದೆಯೇ ಮಾತಾಡಬಹುದು.

ಇನ್ನು ಸಣ್ಣ ಸಣ್ಣ ಸಂಗತಿಗಳು. ಉಗುರು ಕತ್ತರಿಸಿರಬೇಕು, ಕೈಗವಸು ಹಾಕಿದರೆ ಇನ್ನೂ ಒಳ್ಳೆಯದು. ಹೊಟ್ಟೆ ಖಾಲಿಯಾದ ಮೇಲೆ, ಸ್ನಾನ ಮಾಡಿ, ಹೊರಗಿನಿಂದ ತೊಳೆದುಕೊಂಡರೆ ಸಾಕು. ಒಳಗೆ ಸೋಪು, ಪದೇಪದೇ ಎನಿಮಾ ಮಾಡಿಕೊಂಡರೆ ಒಳಪದರಕ್ಕೇ ಪೆಟ್ಟು. ಸ್ವಲ್ಪ ಗಲೀಜು ಆದರೂ ಆಗಬಹುದು, ಆ ಜಾಗದ ಉದ್ಯೋಗವೇ ಅದಲ್ಲವೇ, ಕೆಳಗೊಂದು ಹಳೆ ಟವೆಲ್ ಹಾಸಿ. ಶುರು ಹೊರಗಿನಿಂದ, ಬರೀ ಸ್ಪರ್ಶದಿಂದ. ಆಮೇಲೆ ಬೇಕೆನಿಸಿದರೆ ಒಂದು ಬೆರಳು. ಅಷ್ಟಕ್ಕೇ ನಿಂತರೂ ಅದು ಪೂರ್ತಿಯೇ, ಅರ್ಧಕ್ಕೆ ಬಿಟ್ಟಂತಲ್ಲ. ಯಾರ ಒಳಗೆ ಹೋಗಬೇಕೋ ವೇಗ ಅವರ ಕೈಯಲ್ಲಿರಬೇಕು. ಸಾಧನ ಬಳಸುವವರು ಬುಡ ಅಗಲವಾಗಿರುವುದನ್ನೇ ಬಳಸಬೇಕು. ಏಕೆಂದರೆ ಆ ಬಳೆಗಳು ಏನನ್ನಾದರೂ ಒಳಗೆ ಎಳೆದುಕೊಂಡುಬಿಡುತ್ತವೆ. ಬಾಟಲಿ, ಪೆನ್ನು, ತರಕಾರಿ ಅಂತ ಪ್ರಯೋಗ ಮಾಡಿ ನಡುರಾತ್ರಿ ಆಸ್ಪತ್ರೆಗೆ ಬರುವವರು ಕಡಿಮೆ ಏನಿಲ್ಲ ಎಂದರು ನಮ್ಮ ಡಾಕ್ಟರು. ಹಾಗೆ ಆದರೂ ನಾಚಿಕೊಂಡು ಮನೆಯಲ್ಲೇ ತೆಗೆಯಲು ಹೋಗಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಫಿಷರ್, ರಕ್ತ ಬರುವ ಮೂಲವ್ಯಾಧಿ, ಕರುಳಿನ ಉರಿಯೂತ, ಇತ್ತೀಚೆಗೆ ಆಪರೇಷನ್ ಆದವರು ವಾಸಿಯಾಗುವ ತನಕ ಈ ಕಡೆ ಬರಲೇಬಾರದು. ರಕ್ತ ಬಂದರೆ, ನೋವು ಒಂದೆರಡು ದಿನದಲ್ಲಿ ಕಡಿಮೆ ಆಗದಿದ್ದರೆ, ಹೊಟ್ಟೆನೋವು ಜ್ವರ ಬಂದರೆ ಡಾಕ್ಟರಿಗೆ ನಿಜ ಹೇಳಿ. ನಮ್ಮ ವಯಸ್ಸಿನವರಲ್ಲಿ ರಕ್ತ ಬಂದರೆ ಮೂಲವ್ಯಾಧಿಯೇ ಇರಬೇಕು ಎಂದು ನಾವೇ ತೀರ್ಮಾನ ಮಾಡುವುದೂ ತಪ್ಪು, ಕರುಳಿನ ಕ್ಯಾನ್ಸರಿನಲ್ಲೂ ಹೀಗೆಯೇ ರಕ್ತ ಬರುತ್ತದೆ. ಇನ್ನೊಂದು ಮಾತು ನನ್ನ ವಯಸ್ಸಿನ ಗಂಡಸರಿಗೆ. ಫಿಷರಿಗೆ ಹಚ್ಚಲು ಕೆಲವೊಮ್ಮೆ ನೈಟ್ರೋಗ್ಲಿಸರಿನ್ ಮುಲಾಮು ಕೊಡುತ್ತಾರೆ. ಅದನ್ನು ಹಚ್ಚುವವರು ಸಿಲ್ಡೆನಾಫಿಲ್ ಮಾತ್ರೆ, ಅಂದರೆ ವಯಾಗ್ರ, ತೆಗೆದುಕೊಂಡರೆ ರಕ್ತದೊತ್ತಡ ಪ್ರಾಣಕ್ಕೆ ಅಪಾಯ ಆಗುವಷ್ಟು ಕುಸಿಯಬಹುದು. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಕೆಲವರು ಕೇಳಬಹುದು, ಇದೆಲ್ಲ ಪಾಶ್ಚಾತ್ಯರ ಹುಚ್ಚಲ್ಲವೇ ಅಂತ. ಕಾಮಸೂತ್ರದಲ್ಲಿ ವಾತ್ಸ್ಯಾಯನ ಇದನ್ನು ಹೆಸರಿಟ್ಟು ಹೇಳಿ, ಇದು ದಕ್ಷಿಣ ದೇಶದವರಲ್ಲಿದೆ ಎಂದು ಬರೆದಿಟ್ಟಿದ್ದಾನೆ. ಓದಿ ನಗು ಬಂತು. ಊರು ಬಿಟ್ಟು ಬಂದ ನಮ್ಮನ್ನು ಈ ಮುಂಬಯಿಯಲ್ಲಿ ಸಾರಾಸಗಟಾಗಿ 'ಮದ್ರಾಸಿ' ಅನ್ನುವ ಹಾಗೆ, ಆ ಕಾಲದಲ್ಲೂ ದಕ್ಷಿಣದವರನ್ನು ಒಂದೇ ಗಂಟು ಕಟ್ಟಿದ್ದಾರೆ! ಇದನ್ನು ಅಪರಾಧ ಮಾಡಿದ್ದು ಬ್ರಿಟಿಷರ 1860ರ ದಂಡಸಂಹಿತೆಯ 377ನೇ ಕಲಂ. ಅದು ಗಂಡ ಹೆಂಡತಿಯನ್ನೂ ಬಿಟ್ಟಿರಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿಮಾಡಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು, ವಯಸ್ಕರು ಇಬ್ಬರೂ ಒಪ್ಪಿ ಖಾಸಗಿಯಾಗಿ ಮಾಡಿದರೆ ಅಪರಾಧವಲ್ಲ ಎಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ.

"ಇಬ್ಬರೂ ಒಪ್ಪಿ". ನನ್ನ 1997ರ ರಾತ್ರಿಯಲ್ಲಿ ಇಲ್ಲದೇ ಇದ್ದದ್ದು ಇದೇ ಎರಡು ಶಬ್ದ. ಹೆಂಡತಿಗೆ 18 ತುಂಬಿದ್ದರೆ ಗಂಡನ ಮೇಲೆ ಅತ್ಯಾಚಾರದ ಕಲಂ ಹಾಕುವಂತಿಲ್ಲ ಎನ್ನುವ ವಿನಾಯಿತಿ ಹೊಸ ಕಾನೂನಿನಲ್ಲೂ ಉಳಿದಿದೆ. ಆ ವಿನಾಯಿತಿ ಹಿಡಿದುಕೊಂಡು ನಾನು ನನ್ನ ಹೆಂಡತಿಯ ಮುಖ ನೋಡಲಾರೆ. ಅದು ನನ್ನ ಮಾತು, ಅಷ್ಟೇ.

ಆಮೇಲೆ ಏನಾಯಿತು ಅಂತ ಕುತೂಹಲ ಇರಬಹುದು. ನನ್ನ ಫಿಷರ್ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಇಸಬಗೋಲು, ನೀರು, ಬಸಳೆ ಸೊಪ್ಪು, ಬಿಸಿನೀರಿನ ಟಬ್ಬು, ಮುಲಾಮು. ಆಪರೇಷನ್ ಬೇಕಾಗಲಿಲ್ಲ. ಡಾಕ್ಟರು ಬರೆದ ಚಿತ್ರವನ್ನು ಹೆಂಡತಿಗೆ ತೋರಿಸಿದೆ. ರೇಷನ್ ಚೀಟಿ ಓದಿದ ಹಾಗೆ ಓದಿದಳು. ಮಕ್ಕಳಿಬ್ಬರೂ ಬೆಂಗಳೂರು, ಪುಣೆ ಅಂತ ಹೊರಟುಹೋದ ಮನೆ. ಮೊದಲ ಬಾರಿಗೆ ಇಬ್ಬರಿಗೇ ಒಂದು ಬಾಗಿಲು, ಅದಕ್ಕೊಂದು ಚಿಲಕ. ರಾತ್ರಿ ಊಟ ಆದಮೇಲೆ ಈ ವಿಷಯ ಮಾತಾಡಿದೆವು. ಅದೊಂದೇ ದಿನ ಅಲ್ಲ, ಹಲವು ದಿನ. ಏನು ಇಷ್ಟ, ಏನು ಇಷ್ಟವಿಲ್ಲ, ಇಪ್ಪತ್ತೇಳು ವರ್ಷ ಸುಮ್ಮನೆ ಸಹಿಸಿದ್ದು ಯಾವುದು. ಮುಂದಿನದ್ದಕ್ಕಿಂತ ಹಿಂದಿನ ಬಾಕಿಯ ಪಟ್ಟಿಯೇ ಉದ್ದವಿತ್ತು. ನಾನು ಕೇಳಿಸಿಕೊಂಡೆ. ಕೇಳಿಸಿಕೊಳ್ಳುವುದು ಸುಲಭ ಆಗಿರಲಿಲ್ಲ.

ಒಂದು ದಿನ ಅವಳೇ ಹೇಳಿದಳು, "ನನಗೆ ಬೇಡ. ಯಾವತ್ತೂ ಬೇಡ ಅಂತಲೇ ಇಟ್ಕೊಳ್ಳಿ. ನಿಮಗೆ ಏನು ಅಂತ ನೋಡ್ಬೇಕಿದ್ರೆ, ಸರದಿ ನಿಮ್ಮದು." ನಾನು ಕಕ್ಕಾಬಿಕ್ಕಿ. ಗಂಡಸಿನ ಮರ್ಯಾದೆ ಅಂತ ಒಳಗೆ ಏನೋ ಎದ್ದು ಕೂತಿತು. ಆ ಮೇಲೆ ಯೋಚಿಸಿದೆ. ಅವಳಿಗೆ ಆಗಬಹುದು ಎಂದು ಅಂದು ನಾನು ತೀರ್ಮಾನ ಮಾಡಿದ್ದನ್ನು ನನಗೆ ಮಾತ್ರ ಆಗದು ಅನ್ನಲು ಯಾವ ನ್ಯಾಯ?

ಮುಂದಿನ ವಿವರದ ಸಾಲನ್ನೇ ಅವಳು ತೆಗೆಸಿದ್ದು. ಅವಳ ಹಕ್ಕು. ಇಷ್ಟು ಮಾತ್ರ ಬರೆಯಲು ಅನುಮತಿ ಇದೆ: ಉಗುರು ಕತ್ತರಿಸಿದ್ದಳು, ಕೈಗವಸು ತಂದಿದ್ದಳು, ಪ್ರತಿ ಸಲ "ಆಗಬಹುದಾ?" ಅಂತ ಕೇಳಿದಳು. ನಾನು ಎರಡು ಸಲ ಸಾಕು ಅಂದೆ, ಎರಡು ಸಲವೂ ತಕ್ಷಣ ನಿಲ್ಲಿಸಿದಳು. ಮೂರನೇ ಸಲ ಸಾಕು ಅನ್ನಲಿಲ್ಲ. ನಡುವೆ ನಾನು ಬಿಗಿಯಾದಾಗ, ನಗು ತಡೆದುಕೊಂಡು, ಡಾಕ್ಟರ ಧಾಟಿಯಲ್ಲೇ ಅಂದಳು, "ಉಸಿರು ಬಿಡಿ ಸಾಹೇಬರೇ."

ಆ ರಾತ್ರಿ ಅವಳು ಗೋಡೆಯ ಕಡೆ ತಿರುಗಿ ಮಲಗಲಿಲ್ಲ. ಈಗ ನಾನು ಅದನ್ನು ಗಮನಿಸುತ್ತೇನೆ.